ಒಂದು ಇಡೀ ಅಂಗಿ

ಬೆಂಗಳೂರಿನ ಪೀಣ್ಯ, ಲಗ್ಗೆರೆ, ಬೊಮ್ಮನಹಳ್ಳಿಗಳಲ್ಲಿ ಹೊಲಿಗೆ ಎಂದರೆ ಬೆಳಗಿನ ಪಂಚಿಂಗು, ಊಟದ ಡಬ್ಬಿ, ಪಿಎಫ್ ಕಳೆದು ಕೈಗೆ ಬರುವ ಸಂಬಳ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಅದೇ ಹೊಲಿಗೆ ಈಚೆಗೆ ರಜಾದಿನದ ಪ್ರೀತಿಯಾಗಿದೆ: ಮಗುವಿಗೆ ಫ್ರಾಕು, ಪ್ರವಾಸಕ್ಕೆ ಚೀಲ, ಅಮ್ಮನಿಗೆ ರವಿಕೆ. ಒಂದೇ ಊರಿನಲ್ಲಿದ್ದೂ ಈ ಎರಡು ಹೊಲಿಗೆಗಳು ಎದುರುಬದುರಾಗಿ ಮಾತಾಡಿದ್ದು ಕಡಿಮೆ. ಮಾತಾಡಬೇಕು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಅದಕ್ಕೇ ಇಲ್ಲಿ ಇಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದೇನೆ.

ಚಿಕ್ಕಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ವಯಸ್ಸು ಕಳೆದವರು, ಲಗ್ಗೆರೆಯಲ್ಲಿ ಮನೆ. ಅಕ್ಕನ ಮಗಳು ಕಾಡುಗೋಡಿಯಲ್ಲಿದ್ದಾಳೆ, ಸಾಫ್ಟ್‌ವೇರ್ ಕೆಲಸ. ಇಬ್ಬರ ಬೇರೂ ಕುಣಿಗಲ್ ಕಡೆಯದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿ ಬರಲು ಮಗಳ ಮನೆಯವರಿಗೆಲ್ಲ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಟಿಕೆಟ್ ಆಗಿದೆ. ಅದಕ್ಕಾಗಿ ಹೊಲಿದದ್ದನ್ನೆಲ್ಲ ಮೆಟ್ರೊದಲ್ಲಿ ಹೊತ್ತು ತಂದು ಚಿಕ್ಕಮ್ಮನ ಮುಂದೆ ಹರಡಿದ್ದಾಳೆ.

ಚಿಕ್ಕಮ್ಮ: ಇಷ್ಟೂ ನೀನೇ ಹೊಲ್ದಿದ್ದಾ? ಎಷ್ಟು ಹೊತ್ತು ಹಿಡೀತು?

ಮಗಳು: ಲೆಕ್ಕ ಇಟ್ಟಿಲ್ಲ ಚಿಕ್ಕಮ್ಮ. ಕೂತ್ಕೊಂಡ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಚಿಕ್ಕಮ್ಮ: ಲೆಕ್ಕ ಇಡದೆ ಹೊಲಿಯೋದೇ ದೊಡ್ಡ ಶ್ರೀಮಂತಿಕೆ ಕಣೇ. ನಮ್ಮ ಲೈನಲ್ಲಿ ಗಂಟೆಗೆ ಎಷ್ಟು ಪೀಸು ಅಂತ ಬೋರ್ಡಲ್ಲಿ ಬರೀತಿದ್ರು. ಗಂಟೆ ಮುಗಿದ ತಕ್ಷಣ ಸೂಪರ್‌ವೈಸರ್ ಬಂದು ಪಕ್ಕದ ಖಾನೇಲಿ ಆಗಿದ್ದೆಷ್ಟು ಅಂತ ಬರೀತಿದ್ದ. ನೀರು ಕುಡಿದ್ರೆ ಮೂತ್ರಕ್ಕೆ ಹೋಗ್ಬೇಕಾಗುತ್ತೆ, ಪೀಸು ಕಮ್ಮಿ ಆಗುತ್ತೆ ಅಂತ ನೀರೇ ಕುಡೀತಿರ್ಲಿಲ್ಲ ನಾವು.

ಮಗಳು: ಗೊತ್ತು. ಅದಕ್ಕೇ ನಿನ್ನ ಹತ್ರ ತಂದೆ. ತಪ್ಪು ಹುಡುಕೋಕೆ ನಿನ್ನಷ್ಟು ಬಲ್ಲೋರು ಯಾರಿದಾರೆ?

ಚಿಕ್ಕಮ್ಮ: ಈ ಚೀಲದ ಹಿಡಿ ನೋಡು. ಬರೀ ಎರಡು ಗೆರೆ ಹೊಡೆದು ಬಿಟ್ಟಿದೀಯ. ನೀರಿನ ಬಾಟ್ಲಿ, ರೊಟ್ಟಿ ಗಂಟು ತುಂಬಿದ್ರೆ ದಾವಣಗೆರೆ ದಾಟೋ ಹೊತ್ತಿಗೆ ಕಿತ್ತು ಬರುತ್ತೆ. ಹಿಡಿ ಸೇರೋ ಕಡೆ ಒಂದು ಚೌಕ ಹೊಡಿ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಬಟ್ಟೆ ದಪ್ಪ ಇದ್ರೆ 16ನೇ ನಂಬರ್ ಸೂಜಿ ಹಾಕು. ಹೊಲಿಗೇನೂ ಸಣ್ಣ ಆಯ್ತು. ಅಂಗಿಗೆ ಇಂಚಿಗೆ 12, 14 ಹೊಲಿಗೆ ಸರಿ, ಚೀಲಕ್ಕೆ 8 ಸಾಕು. ಒತ್ತೊತ್ತಾಗಿ ಹೊಡೆದ್ರೆ ಸೂಜಿ ತೂತಿನ ಸಾಲಲ್ಲೇ ಬಟ್ಟೆ ಹರಿಯುತ್ತೆ.

ಮಗಳು: ಇದು ಯಾವ ವಿಡಿಯೋದಲ್ಲೂ ಹೇಳಲ್ಲ ನೋಡು.

ಚಿಕ್ಕಮ್ಮ: ವಿಡಿಯೋದಲ್ಲಿ ಹಿಡಿ ಕಿತ್ತು ಬರೋದು ತೋರಿಸ್ತಾರಾ? ಅದಿರ್ಲಿ, ನನಗೆ ಅರ್ಥ ಆಗದೆ ಇರೋದು ಬೇರೆ. ಇಂಥ ಚೀಲ ಅಂಗಡೀಲಿ ಸಿಗುತ್ತೆ. ನಿನಗೆ ತಗೊಳ್ಳೋ ಶಕ್ತಿ ಇದೆ. ವಾರ ಎಲ್ಲ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಗ್ಗಿಸ್ತೀಯ, ಭಾನುವಾರ ಮಷಿನ್ ಮುಂದೆ ಕೂತು ಮತ್ತೆ ಅದೇ ಬೆನ್ನು ಬಗ್ಗಿಸ್ತೀಯ. ಯಾಕೆ?

ಮಗಳು: ಮೊದ್ಲು ಈ ಬ್ಲೌಸ್ ನೋಡು. ಅಮ್ಮಂದು. ಅವಳ ಎಡಗೈ ಮೇಲಕ್ಕೆ ಏಳಲ್ಲ, ಭುಜ ಹಿಡ್ಕೊಂಡಿದೆ ಅಂತ ನಿನಗೂ ಗೊತ್ತು. ರೆಡಿಮೇಡ್ ಬ್ಲೌಸಿಗೆ ಕೈ ತೂರಿಸೋವಾಗ ಕಣ್ಣಲ್ಲಿ ನೀರು ಬರುತ್ತೆ ಅವಳಿಗೆ. ಇದರಲ್ಲಿ ಎಡಗಡೆ ಕಂಕುಳಿಗೆ ಒಂದು ಚೌಕದ ತುಂಡು ಸೇರಿಸಿದೀನಿ, ತೋಳು ಒಂದಿಂಚು ಸಡಿಲ ಬಿಟ್ಟಿದೀನಿ, ಹುಕ್ಕಿನ ಬದ್ಲು ಮುಂದಕ್ಕೆ ಟಿಚ್ ಬಟನ್. ಬೇರೆಯವರ ಸಹಾಯ ಇಲ್ದೆ ಹಾಕ್ಕೊಂಡ್ಲು. ಈ ಬ್ಲೌಸ್ ಯಾವ ಅಂಗಡೀಲಿ ಸಿಗುತ್ತೆ ಹೇಳು?

ಚಿಕ್ಕಮ್ಮ: (ಬ್ಲೌಸನ್ನು ತಿರುವಿ ಒಳಮೈ ನೋಡುತ್ತ) ಮೂಲೆ ಸ್ವಲ್ಪ ನೆರಿಗೆ ಬಿದ್ದಿದೆ. ಆದ್ರೆ ಯೋಚನೆ ಒಳ್ಳೇದು. ಇಲ್ಲ, ಇದು ಅಂಗಡೀಲಿ ಸಿಗಲ್ಲ. ಫ್ಯಾಕ್ಟ್ರೀಲಿ ಸ್ಮಾಲ್, ಮೀಡಿಯಂ, ಲಾರ್ಜ್ ಇರುತ್ತೆ. ಅಕ್ಕನ ಭುಜ ಇರಲ್ಲ.

ಮಗಳು: ಅದೇ ನಾನು ಹೇಳೋದು.

ಚಿಕ್ಕಮ್ಮ: ನಿಧಾನ. ಸಿಗಲ್ಲ ಅಂದೆ, ಹಾಗಂತ ನೀನೇ ಹೊಲೀಬೇಕು ಅನ್ನಲಿಲ್ಲ. ನಮ್ಮ ಬೀದೀಲೇ ಮನೆ ಮುಂದೆ ಮಷಿನ್ ಹಾಕ್ಕೊಂಡಿರೋ ಎಷ್ಟು ಜನ ಹೆಂಗಸ್ರಿದಾರೆ. ಫ್ಯಾಕ್ಟ್ರಿ ಬಿಟ್ಟೋರು, ಕಣ್ಣು ಮಂಜಾಯ್ತು ಅಂತ ಬಿಡಿಸ್ಕೊಂಡೋರು, ಮಕ್ಕಳನ್ನ ನೋಡ್ಕೊಳ್ಳೋಕೆ ಬಿಟ್ಟೋರು. ಬ್ಲೌಸು, ಫಾಲು, ಜಿಗ್‌ಜ್ಯಾಗು, ಸೀರೆ ಕುಚ್ಚು, ಬಂದಿದ್ದೆಲ್ಲ ಮಾಡ್ತಾರೆ. ಅಕ್ಕನ್ನ ಕರ್ಕೊಂಡು ಬಂದು ಕೂರಿಸಿ ಹೀಗ್ಹೀಗೆ ಬೇಕು ಅಂದ್ರೆ ಇನ್ನೂ ಚೆನ್ನಾಗಿ ಹೊಲಿದುಕೊಡ್ತಿದ್ರು. ಅವರಿಗೂ ನಾಲ್ಕು ಕಾಸು ಆಗ್ತಿತ್ತು. ಸಂಬಳ ಬರೋರೆಲ್ಲ ಮನೇಲೇ ಹೊಲ್ಕೊಂಡು ಬಿಟ್ರೆ ಅವರ ಹತ್ರ ಹೋಗೋರ್ಯಾರು?

ಮಗಳು: ನಾನು ಅವರ ಕೆಲಸ ಕಿತ್ಕೋತಿದೀನಿ ಅಂತೀಯಾ?

ಚಿಕ್ಕಮ್ಮ: ಕಿತ್ಕೋತಿದೀಯ ಅನ್ನಲ್ಲ. ಕೊಡ್ತಿಲ್ಲ ಅಂತೀನಿ.

ಈ ಮಾತಿಗೆ ಮಗಳ ಬಳಿ ತಕ್ಷಣ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಯ ಓಣಿಗಳಲ್ಲಿ ‘ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುವುದು’ ಎಂಬ ಬೋರ್ಡಿರುವ ಒಂದೊಂದು ಬಾಗಿಲ ಹಿಂದೆಯೂ ವರ್ಷಗಟ್ಟಲೆ ಲೈನಿನಲ್ಲಿ ಪಳಗಿದ ಕೈ ಇರಬಹುದು. ಆ ಕೈಗೆ ತನ್ನದೇ ಗಿರಾಕಿ ಸಿಗುವುದು ಸಣ್ಣ ಸಂಗತಿಯಲ್ಲ.

ಮಗಳು: ಸರಿ, ನನ್ನ ಸೀರೆ ಬ್ಲೌಸುಗಳನ್ನ ಅವರಿಗೇ ಕೊಡ್ತೀನಿ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಷ್ಟು ವರ್ಷ ಹೊಲಿದೆ, ನಿನ್ನ ಮಕ್ಕಳಿಗೆ ಒಂದು ಅಂಗಿ ಹೊಲಿದುಕೊಟ್ಟಿದ್ದು ನಾನು ನೋಡಿಲ್ಲ. ಯಾಕೆ?

ಚಿಕ್ಕಮ್ಮ: ಎರಡು ಕಾರಣ. ಒಂದು, ನಾನು ಚಿಕ್ಕೋಳಿದ್ದಾಗ ಯುಗಾದಿಗೆ ಅಪ್ಪ ಒಂದೇ ತಾನಿಂದ ಬಟ್ಟೆ ಹರಿಸ್ಕೊಂಡು ಬರೋರು. ಅಣ್ಣಂಗೆ ಅಂಗಿ, ನನಗೂ ನಿಮ್ಮಮ್ಮಂಗೂ ಲಂಗ, ಕಿಟಕಿಗೆ ಪರದೆ, ಎಲ್ಲ ಒಂದೇ ಹೂವು. ಸ್ಕೂಲಲ್ಲಿ ನೋಡಿದ ತಕ್ಷಣ ಇವರು ಒಂದೇ ಮನೆಯವರು ಅಂತ ಗೊತ್ತಾಗೋದು. ಅಂಗಡಿ ಬಟ್ಟೆ, ರಟ್ಟಿನ ಡಬ್ಬೀಲಿ ಪಿನ್ನು ಚುಚ್ಚಿ ಮಡಿಸಿಟ್ಟಿರೋದು, ಅದು ನಮ್ಮ ಕನಸು. ಸಂಬಳ ಬಂದಾಗ ನನ್ನ ಮಕ್ಕಳಿಗೆ ಅದನ್ನೇ ಕೊಡಿಸಿದೆ. ಮನೇಲಿ ಹೊಲಿದದ್ದು ನಿನಗೆ ಪ್ರೀತಿ. ನಮಗೆ ಅದು ಇಲ್ಲದೆ ಇರೋದರ ಗುರುತು.

ಮಗಳು: ಇನ್ನೊಂದು?

ಚಿಕ್ಕಮ್ಮ: ಇನ್ನೊಂದು, ನನಗೆ ಇಡೀ ಅಂಗಿ ಹೊಲಿಯೋಕೆ ಬರಲ್ಲ.

ಮಗಳು: ಏನಂದೆ?

ಚಿಕ್ಕಮ್ಮ: ನಾನು ಕಾಲರ್ ಅಟ್ಯಾಚು. ಮೊದ್ಲು ಹೆಲ್ಪರ್ ಆಗಿದ್ದೆ, ದಾರ ಕತ್ತರಿಸೋದು, ಪೀಸು ಸಾಗಿಸೋದು. ಆಮೇಲೆ ಕಫ್, ಆಮೇಲೆ ಕಾಲರ್ರು. ಕಾಲರ್ರು ಅಂದ್ರೆ ಲೈನಲ್ಲೇ ಕಷ್ಟದ ಕೆಲಸ, ಗ್ರೇಡೂ ಜಾಸ್ತಿ. ಮೇಲಿನ ಎಲೆ ಕೆಳಗಿನ ಎಲೆಗಿಂತ ಒಂದು ಕೂದಲೆಳೆ ದೊಡ್ಡದಿರ್ಬೇಕು, ಆಗ್ಲೇ ಅದು ಕತ್ತಿನ ಮೇಲೆ ಚೆನ್ನಾಗಿ ಹೊರಳೋದು. ತುದೀಲಿ ಸೂಜಿ ಇಳಿಸಿ ಥಟ್ಟನೆ ತಿರುಗಿಸ್ಬಾರದು, ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ ತಿರುಗಿಸ್ಬೇಕು, ಆಗ ಮಗುಚಿದಾಗ ಮೂಲೆ ಚೂಪಾಗಿ ಬರುತ್ತೆ. ಕಣ್ಣು ಮುಚ್ಚಿಕೊಂಡು ಮಾಡ್ತೀನಿ ಅದನ್ನ. ಆದ್ರೆ ಬಟ್ಟೆ ಕತ್ತರಿಸೋದು ಬೇರೆ ಡಿಪಾರ್ಟ್‌ಮೆಂಟು. ಯೋಕ್ ಒಬ್ಬಳು, ತೋಳು ಒಬ್ಬಳು, ಸೈಡು ಒಬ್ಬಳು, ಕಾಜಾ ಮಷಿನ್ ಒಬ್ಬಳು, ಕೊನೇಲಿ ಚೆಕ್ಕಿಂಗ್ ಇನ್ನೊಬ್ಬಳು. ನನ್ನ ಕೈಗೆ ಅಂಗಿ ಬರೋವಾಗ ಕತ್ತು ಇರ್ತಿತ್ತು, ಕೈ ಇರ್ತಿರ್ಲಿಲ್ಲ. ಅಳತೆ ತಗೊಂಡು, ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊದಲಿಂದ ಕೊನೇವರೆಗೂ ಒಂದು ಅಂಗಿ ಅಂತ ನಾನು ಮಾಡೇ ಇಲ್ಲ.

ಮಗಳು: ಅದಕ್ಕೇ ಚಿಕ್ಕಮ್ಮ, ಅದಕ್ಕೇ ನಾನು ಹೊಲಿಯೋದು! ನನ್ನ ಕೆಲಸಾನೂ ಹಾಗೇ. ಒಂದು ದೊಡ್ಡ ಸಾಫ್ಟ್‌ವೇರಲ್ಲಿ ಯಾವುದೋ ಒಂದು ಮೂಲೆ ನಂದು. ಅದನ್ನ ಯಾರು ಬಳಸ್ತಾರೋ, ಹೇಗೆ ಬಳಸ್ತಾರೋ, ನಾನು ಕಂಡಿಲ್ಲ. ನಾನೂ ಕಾಲರ್ರೇ. ಮಗೂಗೆ ಫ್ರಾಕ್ ಹೊಲಿದಾಗ ಮಾತ್ರ ಶುರುವಿಂದ ಕೊನೇವರೆಗೂ ಎಲ್ಲಾ ತೀರ್ಮಾನ ನಂದು. ಜೇಬು ಎಲ್ಲಿ, ಎಷ್ಟು ಆಳ, ಅವಳು ಆರಿಸ್ಕೊಂಡು ಬರೋ ಕಲ್ಲು ಅದರಲ್ಲಿ ಹಿಡಿಸುತ್ತಾ, ಎಲ್ಲ.

ಚಿಕ್ಕಮ್ಮ: ನಿನ್ನ ಕಾಲರ್ರಿಗೂ ನನ್ನ ಕಾಲರ್ರಿಗೂ ಬರೋ ಸಂಬಳ ಒಂದೇನಾ?

ಮಗಳು: ಇಲ್ಲ.

ಚಿಕ್ಕಮ್ಮ: ಹಾಗಾದ್ರೆ ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬೇಡ. ಹಾಂ, ಜೇಬು ಅಂದ್ಯಲ್ಲ, ಹೆಂಗಸರ ಕುರ್ತಾಕ್ಕೆ ಯಾಕೆ ಜೇಬಿರಲ್ಲ ಗೊತ್ತಾ? ಒಂದು ಜೇಬು ಅಂದ್ರೆ ಇನ್ನೊಂದು ಆಪರೇಷನ್ನು, ಇನ್ನೊಬ್ಬ ಟೈಲರು, ಇನ್ನೊಂದು ಮಷಿನ್ನು, ಒಂದಷ್ಟು ಬಟ್ಟೆ. ಸಾವಿರಾರು ಪೀಸಿನ ಆರ್ಡರಲ್ಲಿ ಅಷ್ಟು ಉಳೀತು ಅಂದ್ರೆ ಅದು ಅವರಿಗೆ ಲಾಭ.

ಮಗಳು: ನನ್ನ ಮಗಳ ಫ್ರಾಕಿಗೆ ಎರಡು ಜೇಬಿದೆ. ಪ್ರವಾಸಕ್ಕೆ ನಾನು ಹಾಕ್ಕೊಳ್ಳೋ ಕುರ್ತಾಕ್ಕೂ ಎರಡು, ಬಲಗಡೇದಕ್ಕೆ ಜಿಪ್ಪು. ರೈಲಲ್ಲಿ ಮೊಬೈಲು, ಟಿಕೆಟ್ಟು ಕೈಯಲ್ಲಿ ಹಿಡ್ಕೊಂಡು ಮಗೂನೂ ಹಿಡ್ಕೋಬೇಕಾಗಿಲ್ಲ. ಅಜ್ಜಿಯ ಎಲೆಅಡಿಕೆ ಸಂಚಿ ನೆನಪಿದ್ಯಾ? ಎರಡು ಕಡೆ ದಾರ ಎಳೆದ್ರೆ ಬಾಯಿ ಮುಚ್ಚೋದು. ಒಳಗೆ ಪದರ ಪದರ. ಎಲೆ ಒಂದರಲ್ಲಿ, ಅಡಿಕೆ ಒಂದರಲ್ಲಿ, ಸುಣ್ಣದ ಡಬ್ಬಿ ಒಂದರಲ್ಲಿ, ಎಲ್ಲಕ್ಕಿಂತ ಒಳಗೆ ದುಡ್ಡು. ಅದೇ ಕಟ್ಟಿನಲ್ಲಿ ಈ ಸಂಚಿ ಹೊಲಿದೆ. ಚಾರ್ಜರು, ಅಮ್ಮನ ಮಾತ್ರೆ, ಆಧಾರ್ ಕಾರ್ಡು. ಮೇಲಿನ ಬಟ್ಟೆ ಗುಳೇದಗುಡ್ಡದ ಖಣ.

ಚಿಕ್ಕಮ್ಮ: ಖಣ ಅಂದ್ರೆ ಆ ಕಡೆಯೋರು ಇಳಕಲ್ ಸೀರೆ ಮೇಲೆ ಹಾಕೋ ಕುಪ್ಪಸದ್ದಲ್ವಾ? ಅದನ್ನ ಚೀಲಕ್ಕೆ ಹರಿದ್ಯಾ?

ಮಗಳು: ಈಗ ಆ ಕುಪ್ಪಸ ತೊಡೋರು ಕಮ್ಮಿ ಆಗಿದಾರೆ. ನೇಯೋರಿಗೆ ಚೀಲ, ಪರ್ಸು, ಪುಸ್ತಕದ ಹೊದಿಕೆ, ಹೀಗೂ ಬೇಡಿಕೆ ಬರ್ತಿದೆ. ಬಾದಾಮಿಯಿಂದ ಗುಳೇದಗುಡ್ಡ ದೂರ ಏನಿಲ್ಲ, ಹೋಗಿ ನೇಯೋ ಮಗ್ಗ ನೋಡ್ಬೇಕು ಅಂತಾನೇ ಈ ಪ್ರವಾಸ ಹಾಕ್ಕೊಂಡಿದ್ದು. ಹೊಲಿಯೋಕೆ ಶುರು ಮಾಡದೇ ಇದ್ದಿದ್ರೆ ನನಗೆ ಆ ಊರಿನ ಹೆಸರೂ ಗೊತ್ತಾಗ್ತಿರ್ಲಿಲ್ಲ.

ಚಿಕ್ಕಮ್ಮ: (ಸಂಚಿಯ ದಾರ ಎಳೆದು, ಬಿಟ್ಟು, ಮತ್ತೆ ಎಳೆಯುತ್ತ) ಅಮ್ಮನ್ನೇ ನೋಡ್ದಂಗಾಯ್ತು. ಒಳಪದರಕ್ಕೆ ಅಸ್ತರ್ ಹಾಕು, ಇಲ್ದಿದ್ರೆ ಖಣದ ಎಳೆ ಜಾರುತ್ತೆ. ನಂದೂ ಒಂದಿದೆ, ತೋರಿಸ್ಲಾ? ಹೆಂಗಸ್ರಿಗೆ ಬಸ್ಸು ಪುಕ್ಕಟೆ ಮಾಡೋ ಶಕ್ತಿ ಯೋಜನೆ 2023ರ ಜೂನಲ್ಲಿ ಬಂತಲ್ಲ, ಅದಾದ ಮೇಲೆ ನಾವು ಲೈನಿನ ಹೆಂಗಸ್ರೆಲ್ಲ ಸೇರ್ಕೊಂಡು ಧರ್ಮಸ್ಥಳ, ಹೊರನಾಡು, ಶೃಂಗೇರಿ ಎಲ್ಲ ನೋಡ್ಕೊಂಡು ಬಂದ್ವಿ. ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ಲ, ಪರ್ಸು ಉಳಿಯೋದೆಲ್ಲಿ? ಲಂಗದ ಒಳಗಡೆ, ಸೊಂಟದ ಪಟ್ಟಿಗೆ ಸೇರಿಸಿ ಜಿಪ್ಪಿನ ಜೇಬು ಹೊಲ್ಕೊಂಡೆ. ಇಬ್ಬರು ಮೂವರಿಗೆ ಹೊಲಿದೂ ಕೊಟ್ಟೆ.

ಮಗಳು: ನೋಡಿದ್ಯಾ! ಇದುವರೆಗೂ ಯಾಕೆ ಹೊಲಿಯೋದು ಅಂತ ನನ್ನ ಕೇಳ್ತಿದ್ದೆ.

ಚಿಕ್ಕಮ್ಮ: ಬೇಕಾಗಿತ್ತು, ಹೊಲ್ದೆ.

ಮಗಳು: ನಂದೂ ಅಷ್ಟೇ. ಬೇಕು ಅನ್ನೋದಕ್ಕೆ ನಿಂದೊಂದು ಅಳತೆ, ನಂದೊಂದು ಅಳತೆ. ಇನ್ನೊಂದು ವಿಷಯ ಹೇಳ್ತೀನಿ. ಗಾಂಧೀಜಿ ಯಂತ್ರಗಳನ್ನ ಒಪ್ತಿರ್ಲಿಲ್ಲ ಅಂತಾರಲ್ಲ, ಅವರೂ ಸಿಂಗರ್ ಹೊಲಿಗೆ ಮಷಿನ್‌ಗೆ ವಿನಾಯಿತಿ ಕೊಟ್ಟಿದ್ರು. 1924ರಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದಾಗ ಹೇಳಿದ್ದು. ತನ್ನ ಹೆಂಡತಿ ಕೈಹೊಲಿಗೆ ಹಾಕಿ ಹಾಕಿ ದಣಿಯೋದು ನೋಡಲಾರದೆ, ಆ ಪ್ರೀತಿಗೆ ಸಿಂಗರ್ ಕಟ್ಟಿದ ಯಂತ್ರ ಅದು ಅಂತ ಗಾಂಧೀಜಿ ನಂಬಿಕೆ. ಲಾಭಕ್ಕಲ್ಲ, ಒಬ್ಬ ಹೆಂಗಸಿನ ಶ್ರಮ ಉಳಿಸೋಕೆ ಹುಟ್ಟಿದ್ದು ಅಂತ.

ಚಿಕ್ಕಮ್ಮ: ಒಳ್ಳೇ ಮಾತು. ಆದ್ರೆ ಆ ಮಷಿನ್ ಮಾಡೋಕೂ ಒಂದು ಫ್ಯಾಕ್ಟ್ರಿ ಬೇಕಲ್ಲ?

ಮಗಳು: ಆ ಹುಡುಗನೂ ಅದನ್ನೇ ಕೇಳಿದ. ಹೌದು ಬೇಕು, ಆದ್ರೆ ಅಂಥ ಕಾರ್ಖಾನೆ ಸರ್ಕಾರದ ಕೈಲಿರ್ಬೇಕು, ಅಲ್ಲಿ ಕೆಲಸ ಮಾಡೋರ ಸ್ಥಿತಿ ಚೆನ್ನಾಗಿರ್ಬೇಕು ಅಂದ್ರು.

ಚಿಕ್ಕಮ್ಮ: ಮನೇಲಿ ಒಂದು ಮಷಿನ್ ಇದ್ದಾಗ ಹೆಂಗಸಿನ ಶ್ರಮ ಉಳೀತು, ಒಪ್ಕೋತೀನಿ. ಅದೇ ಮಷಿನ್ನ ಸಾಲಾಗಿ ಜೋಡಿಸಿ, ಮೇಲೆ ಟ್ಯೂಬ್‌ಲೈಟು ಹಾಕಿ, ಬೋರ್ಡಲ್ಲಿ ಟಾರ್ಗೆಟ್ ಬರೆದ್ರು. ಆಗ ಯಾರ ಶ್ರಮ ಉಳೀತು? ಮಷಿನ್ ಬದಲಾಗ್ಲಿಲ್ಲ ಕಣೇ, ಗಡಿಯಾರ ಯಾರ ಕೈಲಿದೆ ಅನ್ನೋದು ಬದಲಾಯ್ತು.

ಮಗಳು: ಅದನ್ನೇ ನಾನು ಬೇರೆ ಥರ ಹೇಳ್ತೀನಿ. ಹೊಲಿಯೋಕೆ ಶುರು ಮಾಡಿದ ಮೇಲೆ ಅಂಗಡೀಲಿ ಒಂದು ಬಟ್ಟೆ ಮುಟ್ಟಿದ್ರೆ ಮೊದ್ಲು ಅದರ ಒಳಗಡೆ ತಿರುಗಿಸಿ ನೋಡ್ತೀನಿ. ಇಷ್ಟು ಹೊಲಿಗೆ, ಇಷ್ಟು ಕೈ ದಾಟಿ ಬಂದಿದೆ ಅಂತ ಕಾಣುತ್ತೆ. ಮೊದ್ಲು ಬರೀ ಬಣ್ಣ ಕಾಣ್ತಿತ್ತು. ಎಲ್ಲರೂ ಜೀವನದಲ್ಲಿ ಒಂದೊಂದು ಅಂಗಿ ಹೊಲಿದು ನೋಡಿದ್ರೆ ನಿಮ್ಮ ಕೆಲಸದ ಬೆಲೆ ಗೊತ್ತಾಗುತ್ತೆ.

ಚಿಕ್ಕಮ್ಮ: ಗೊತ್ತಾದ ಮೇಲೆ ಏನ್ಮಾಡ್ತೀಯ? ಮೊಬೈಲಲ್ಲಿ ಮುನ್ನೂರು ತೊಂಬತ್ತೊಂಬತ್ತಕ್ಕೆ ಕುರ್ತಾ ಅಂತ ಬಂದ್ರೆ ತಗೊಳ್ಳಲ್ವಾ?

ಮಗಳು: ತಗೊಂಡಿದೀನಿ.

ಚಿಕ್ಕಮ್ಮ: ಬೆಲೆ ತಿಳಿಯೋದರಿಂದಾನೇ ಆಗೋದಿದ್ರೆ, ನಮಗಿಂತ ಚೆನ್ನಾಗಿ ತಿಳಿದೋರು ಯಾರಿದ್ರು? 2016ರಲ್ಲಿ ಏನಾಯ್ತು ನೋಡು. ಪಿಎಫ್‌ನಲ್ಲಿ ಕಂಪ್ನಿ ಹಾಕೋ ಪಾಲನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ರೂಲ್ಸ್ ತಂದ್ರು. ಗಾರ್ಮೆಂಟ್ಸಲ್ಲಿ 58ರ ತನಕ ಕೂತು ಹೊಲಿಯೋ ಕಣ್ಣು ಯಾರಿಗಿದೆ? ಕೆಲಸ ಬಿಟ್ಟಾಗ ಬರೋ ಆ ದುಡ್ಡಲ್ಲೇ ಮಕ್ಕಳ ಫೀಸು, ಮದುವೆ, ಮನೆ ಅಡ್ವಾನ್ಸು. ಏಪ್ರಿಲ್ 18ಕ್ಕೆ ಹೊಸೂರು ರೋಡಲ್ಲಿ, ಬೊಮ್ಮನಹಳ್ಳೀಲಿ ಹೆಂಗಸ್ರು ಹೊರಗೆ ಬಂದ್ರು. ಮಾರನೇ ದಿನ ನಾವು ಈ ಕಡೆ ಪೀಣ್ಯ, ಜಾಲಹಳ್ಳಿ ಕ್ರಾಸಲ್ಲಿ. ಲೀಡರ್ ಯಾರು ಅಂತ ಕೇಳಿದ್ರೆ ಯಾರೂ ಇಲ್ಲ. ಲಾಠಿ ಬೀಸಿದ್ರು, ಬಸ್ಸುಗಳು ಸುಟ್ಟುಹೋದವು, ಅದೆಲ್ಲ ಆಗಬಾರದಿತ್ತು. ಆದ್ರೆ 19ನೇ ತಾರೀಖು ಸಾಯಂಕಾಲಕ್ಕೆ ದಿಲ್ಲೀಲಿ ಆ ರೂಲ್ಸ್ ವಾಪಸ್ ಆಯ್ತು.

ಮಗಳು: ಆಗ ನಾನು ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ಬಸ್ಸಲ್ಲಿದ್ದೆ. ರೋಡ್ ಬ್ಲಾಕ್ ಅಂತ ವಾಪಸ್ ಕಳಿಸಿದ್ರು. ನೀನು ಆ ಕಡೆ ನಿಂತಿದೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ.

ಚಿಕ್ಕಮ್ಮ: ನಾನೂ ಮನೇಲಿ ಹೇಳಿರ್ಲಿಲ್ಲ. ಅದಕ್ಕೇ ಹೇಳ್ತೀನಿ, ನಮ್ಮ ಹೊಲಿಗೆಗೆ ಬೆಲೆ ಬಂದಿದ್ದು ಯಾರೋ ಮನೇಲಿ ಅಂಗಿ ಹೊಲಿದು ಮರುಗಿದ್ದಕ್ಕಲ್ಲ. ನಾವು ಕೈ ನಿಲ್ಲಿಸಿ ರಸ್ತೆಗೆ ಬಂದಿದ್ದಕ್ಕೆ.

ಮಗಳು: ಒಪ್ಪಿದೆ. ಆದ್ರೂ ಮರುಗೋದು ವ್ಯರ್ಥ ಅಂತ ನಾನು ಹೇಳಲ್ಲ. ಅವತ್ತು ಬಸ್ಸಲ್ಲಿ ನಮ್ಮ ಪಕ್ಕ ಕೂತೋರು ಒಬ್ಬರಾದ್ರೂ ಒಂದು ಕಾಲರ್ ಹೊಲಿದು ನೋಡಿದ್ದಿದ್ರೆ, ಕಿಟಕಿಯಿಂದ ನಿಮ್ಮನ್ನ ನೋಡೋ ರೀತಿ ಬೇರೆ ಇರ್ತಿತ್ತು.

ಚಿಕ್ಕಮ್ಮ ಇದಕ್ಕೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹೊಸೂರು ರಸ್ತೆಯ ಮೇಲೆ 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಓಡುತ್ತಿದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನವರೂ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯವರೂ ಒಂದೇ ಬೋಗಿಯಲ್ಲಿ ನಿಲ್ಲಬಹುದಾದ ಕಾಲ ಇದು. ಒಬ್ಬರು ಹೊಲಿದದ್ದನ್ನು ಇನ್ನೊಬ್ಬರು ತೊಟ್ಟು ನಿಂತಿರುವುದು ಇಬ್ಬರಿಗೂ ತಿಳಿದಿರಬೇಕು ಎಂಬುದು ನನ್ನ ಆಸೆ. ಅದು ಹೊಲಿಗೆ ಕಲಿತೇ ತಿಳಿಯಬೇಕೆ, ಬೇರೆ ದಾರಿಯಿದೆಯೆ ಎಂಬಲ್ಲಿ ನಾನು ಇನ್ನೂ ಈ ಇಬ್ಬರ ನಡುವೆಯೇ ಇದ್ದೇನೆ.

ಮಗಳು: ಈ ಫ್ರಾಕ್ ಒಂದು ನೋಡಿಬಿಡು. ಬಟ್ಟೆ ನೀರಿಗೆ ಹಾಕಿ, ಒಣಗಿಸಿ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿದೆ.

ಚಿಕ್ಕಮ್ಮ: ಒಳ್ಳೇದ್ ಮಾಡಿದೆ, ಇಲ್ದಿದ್ರೆ ಮೊದಲ ಒಗೆತಕ್ಕೇ ಮೊಣಕಾಲ ಮೇಲೆ ಹೋಗ್ತಿತ್ತು. ಅಂಚು ಮಾತ್ರ ಇಷ್ಟು ಚಿಕ್ಕದು ಮಡಿಸ್ಬಾರದು. ಮೂರಿಂಚು ಒಳಕ್ಕೆ ಬಿಟ್ಟು ಕೈಯಲ್ಲಿ ಹೆಮ್ಮಿಂಗ್ ಮಾಡು. ಯೂನಿಫಾರಂ ಲಂಗ ಪ್ರತಿ ಜೂನಲ್ಲೂ ಬಿಚ್ಚಿ ಇಳಿಸ್ತಿದ್ವಲ್ಲ, ಹಾಗೆ. ಎರಡು ವರ್ಷ ಬರುತ್ತೆ.

ಮಗಳು: ನಮ್ಮವರ ಅಂಗಿ ಕತ್ತರಿಸಿ ಇಟ್ಟಿದೀನಿ. ಕಾಲರ್ ಹತ್ರ ಬಂದು ನಿಂತಿದೆ. ಎರಡು ಸಲ ಬಿಚ್ಚಿದೆ, ಮೂಲೆ ಮೊಂಡಾಗೇ ಬರ್ತಿದೆ.

ಚಿಕ್ಕಮ್ಮ: ತಾ, ನಾನು ಹಾಕ್ಕೊಡ್ತೀನಿ. ಆದ್ರೆ ಕೂಲಿ ಕೊಡ್ಬೇಕು.

ಮಗಳು: ಕೂಲೀನಾ? ಚಿಕ್ಕಮ್ಮ!

ಚಿಕ್ಕಮ್ಮ: ಯಾಕೆ, ಮನೆಯೋರು ಅಂದ್ರೆ ಪುಕ್ಕಟೇನಾ? ನಮ್ಮಮ್ಮ ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಎಂಟು ಜನಕ್ಕೆ ಕೈಹೊಲಿಗೆ ಹಾಕಿದ್ಲು. ಕುಲಾವಿಯಿಂದ ಹಿಡಿದು ದಿಂಬಿನ ಚೀಲದ ತನಕ. ಅಮ್ಮನ ಪ್ರೀತಿ, ಅಮ್ಮನ ಪ್ರೀತಿ ಅಂದ್ರು ಎಲ್ಲರೂ. ಅವಳ ಕಣ್ಣು ಹೋದಾಗ ಅದೂ ಕೆಲಸ ಆಗಿತ್ತು ಅಂತ ಒಬ್ಬರಿಗೂ ಹೊಳೀಲಿಲ್ಲ.

ಮಗಳು: ಕೊಡ್ತೀನಿ. ಗಂಟೆಗೆ ಎಷ್ಟು ಅಂತ ನೀನೇ ಹೇಳು. ಆದ್ರೆ ಧರ್ಮಸ್ಥಳಕ್ಕೆ ಹೊಲ್ಕೊಂಡ ಜೇಬಿಗಿಂತ ಒಳ್ಳೇ ಸಂಚಿ ಒಂದು ನಿನಗೆ ಹೊಲಿದುಕೊಡ್ತೀನಿ, ಅದಕ್ಕೆ ನಾನು ದುಡ್ಡು ತಗೊಳ್ಳಲ್ಲ.

ಚಿಕ್ಕಮ್ಮ: ಅದ್ಯಾವ ನ್ಯಾಯ? ನಿನ್ನ ಕೆಲಸ ಪುಕ್ಕಟೆ, ನಂದಕ್ಕೆ ಬೆಲೆ?

ಮಗಳು: ನಾನು ಇಷ್ಟಪಟ್ಟು ಹೊಲಿಯೋದು. ಅದಕ್ಕೂ ಕೂಲಿ ಕಟ್ಟಿಬಿಟ್ರೆ ಭಾನುವಾರಾನೂ ಆಫೀಸೇ ಆಗುತ್ತೆ. ಮಗಳ ಹತ್ರ ಫ್ರಾಕಿಗೆ ಕೂಲಿ ಕೇಳಲಾ?

ಚಿಕ್ಕಮ್ಮ: ಮಗಳ ಹತ್ರ ಬೇಡ. ಅವಳ ಅಪ್ಪನ ಹತ್ರ ಕೇಳು. ನೀನು ಮಷಿನ್ ಮುಂದೆ ಕೂತ ಭಾನುವಾರ ಅಡುಗೆ ಯಾರು ಮಾಡಿದ್ರು?

ಮಗಳು: ನಾನೇ. ಬೆಳಿಗ್ಗೆ ಬೇಗ ಎದ್ದು ಮಾಡಿಟ್ಟು ಕೂತೆ.

ಚಿಕ್ಕಮ್ಮ: ಹಾಗಾದ್ರೆ ಲೆಕ್ಕ ಇಟ್ಟಿಲ್ಲ ಅಂದ್ಯಲ್ಲ, ಇಡು. ಆ ಅಂಗಿ ಎಲ್ಲಿ, ಕೊಡು ಇಲ್ಲಿ.